ಉಬ್ಬಿದ ಕಡೆ

ತಂಗಿಯ ಬೆನ್ನಿನಿಂದ ಆ ಸದ್ದು ಬಂದದ್ದು ಭಾನುವಾರ ಮಧ್ಯಾಹ್ನ. ದೊಡ್ಡ ಸದ್ದೇನಲ್ಲ, ಬಳಪ ಮುರಿದಷ್ಟು. ನನ್ನ ಎರಡೂ ಅಂಗೈ ಅವಳ ಬಲ ಪಕ್ಕೆಲುಬುಗಳ ಮೇಲಿದ್ದವು. ಮೈಭಾರವನ್ನೆಲ್ಲ ಅಲ್ಲಿಗೇ ಹಾಕಿದ್ದೆ.

ಅವಳು ದಿಂಬಿನಿಂದ ಮುಖ ಎತ್ತಿದಳು. ಆಮೇಲೆ, "ಅಕ್ಕ, ಇದು ನಿಮ್ಮ ಕ್ಲಾಸಲ್ಲಿ ಹೇಳ್ಕೊಟ್ಟಿದ್ದಾ?" ಅಂದಳು.

"ಹೂಂ."

ಸುಳ್ಳು. ಬೆನ್ನುಮೂಳೆ ಬಾಗಿದವರ ಮೈಮೇಲೆ ಕೈಯಿಟ್ಟು ಕೆಲಸ ಮಾಡುವುದನ್ನು ಕಲಿಸುವ ಹನ್ನೆರಡು ವಾರದ ತರಬೇತಿ ನಮ್ಮದು. ಮೊದಲ ದಿನವೇ ಮೇಡಂ ಹೇಳಿದ್ದರು: "ಉಬ್ಬು ಕಂಡ್ರೆ ಒತ್ತಿಬಿಡೋಣ ಅಂತ ಎಲ್ಲರ ಕೈಯೂ ತುರಿಸುತ್ತೆ. ಒತ್ತಬೇಡಿ. ಕುಗ್ಗಿದ ಕಡೆ ಕೈಯಿಟ್ಟು ಕಾಯಿರಿ. ಉಸಿರು ಅಲ್ಲಿಗೆ ಬರ್ಲಿ." ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಕೂಡ ಎಳೆದಿದ್ದೆ.

ತಂಗಿಗೆ ಹದಿನಾಲ್ಕು. ಮೂರು ವರ್ಷದಿಂದ ಅವಳ ಬೆನ್ನು ಬಲಕ್ಕೆ ಬಾಗುತ್ತಿದೆ. ಕಳೆದ ವಾರ ಕ್ಲಾಸಿಗೆ ಕರೆದೊಯ್ದಾಗ ಮೇಡಂ ಅವಳನ್ನು ಮುಂದಕ್ಕೆ ಬಗ್ಗಿಸಿ, ಗಾರೆ ಕೆಲಸದವರ ರಸಮಟ್ಟದಂಥ ಪುಟ್ಟ ಉಪಕರಣವನ್ನು ಬೆನ್ನಿನ ಮೇಲಿಟ್ಟು ಅಳೆದಿದ್ದರು. ಹನ್ನೊಂದು ಡಿಗ್ರಿ. ಮಂಗಳವಾರ ಇನ್ನೊಮ್ಮೆ ಅಳೆದು, ನಾವು ಆರು ಜನ ಮೊದಲ ಸಲ ನಿಜವಾದ ಬಾಗಿದ ಬೆನ್ನಿನ ಮೇಲೆ ಕೈಯಿಡುವುದೆಂದು ನಿಶ್ಚಯವಾಗಿತ್ತು. ಎಲ್ಲರೆದುರು ಅದು ಒಂಬತ್ತಾಗಿರಲಿ ಎಂದು ನನಗಾಸೆ. ಅಷ್ಟಕ್ಕೇ ಒತ್ತಿದ್ದು.

"ಅಮ್ಮಂಗೂ ಹೇಳ್ಬೇಡ, ಮೇಡಂಗೂ ಹೇಳ್ಬೇಡ," ಅಂದೆ.

"ಬಾಯಿಗೆ ಬೀಗ. ನಿನ್ನ ಹಸಿರು ಜಾಕೆಟ್ ಒಂದು ತಿಂಗಳು ನಂದು."

ಸೋಮವಾರ ಕೆಮ್ಮು ಬಂದಾಗಲೆಲ್ಲ ಅವಳು ಮೊಣಕೈಯನ್ನು ಪಕ್ಕೆಗೆ ಅವುಚಿ ಹಿಡಿಯುತ್ತಿದ್ದಳು. ನಾನು ನೋಡಿಯೂ ನೋಡದ ಹಾಗಿದ್ದೆ. ಜಾಕೆಟ್ ನಾನಾಗಿಯೇ ತಂದುಕೊಟ್ಟೆ.

ಮಂಗಳವಾರ ಉಪಕರಣ ಹನ್ನೆರಡು ತೋರಿಸಿತು.

"ಇವತ್ಯಾಕೋ ಬಿಗಿ ಹಿಡ್ಕೊಂಡಿದ್ದೀಯ," ಅಂದರು ಮೇಡಂ. "ಎಲ್ಲಾದ್ರೂ ನೋವಿದ್ಯಾ ಮರಿ?"

"ಇಲ್ಲ ಮೇಡಂ."

ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಮಾತು ಉಳಿಸಿಕೊಳ್ಳುವುದರಲ್ಲಿ ಅವಳು ಗಟ್ಟಿ.

ಅವಳನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಮೇಡಂ ಒಂದೊಂದು ಮೂಳೆಯ ತುದಿಗೂ ನೀಲಿ ಪೆನ್ಸಿಲಿನಿಂದ ಚುಕ್ಕೆಯಿಟ್ಟರು. ನಾನು ಚುಕ್ಕೆ ನೋಡುತ್ತಿರಲಿಲ್ಲ. ಅವಳ ಉಸಿರು ಕುತ್ತಿಗೆಯ ಹತ್ತಿರವೇ ಆಡುತ್ತಿತ್ತು. ಕೆಳಗೆ ಇಳಿಯುತ್ತಲೇ ಇರಲಿಲ್ಲ.

"ಈಗ ಉಬ್ಬಿದ ಕಡೆ ಕೆಳಗೆ ಬರೋ ಹಾಗೆ ಮಗ್ಗುಲಾಗಿಸಿ, ಪಕ್ಕೆ ಕೆಳಗೆ ಟವೆಲ್ ಸುರುಳಿ ಇಡಿ. ಆಗ ಕುಗ್ಗಿದ ಕಡೆ ತೆರ್ಕೊಳ್ಳುತ್ತೆ," ಅಂದರು ಮೇಡಂ.

ಮುಂದೆ ಬಂದವನು ಡಂಬೆಲ್. ಜಿಮ್ ಬಿಟ್ಟು ಈ ತರಬೇತಿಗೆ ಸೇರಿದ್ದರಿಂದ ಆ ಹೆಸರು. "ಏನ್ ಪುಟ್ಟಿ, ಕ್ರೇನ್ ಬಂತು ನೋಡು," ಎಂದು ನಗುತ್ತ ಅವಳ ಭುಜದ ಕೆಳಗೆ ಕೈ ತೂರಿಸಿದ. ಮೇಜಿನ ಮೇಲೆ ಟವೆಲ್ ಸುರುಳಿ ಸಿದ್ಧವಾಗಿತ್ತು, ಮುದ್ದೆ ತಿರುವುವ ಹಿಟ್ಟಿನ ಕೋಲಿನಷ್ಟು ಗಟ್ಟಿ. ತಿರುಗಿಸಿದರೆ ಅವಳ ಭಾರವೆಲ್ಲ ನಾನು ಒತ್ತಿದ ಆ ಪಕ್ಕೆಲುಬಿನ ಮೂಲಕ ಅದರ ಮೇಲೆ ಬೀಳುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಬೇಡ," ಅಂದೆ. "ಮೇಡಂ, ಅವಳನ್ನ ತಿರುಗಿಸ್ಬೇಡಿ. ಭಾನುವಾರ ನಾನು ಉಬ್ಬನ್ನ ಒತ್ತಿದೆ."

ಡಂಬೆಲ್ ಕೈ ತೆಗೆದ. ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಒಂದು ಕೈನಲ್ಲೋ, ಎರಡರಲ್ಲೋ?"

"ಎರಡು."

"ಸದ್ದು ಬಂತಾ?"

"ಬಂತು."

ಅವರು ತಂಗಿಯ ಕಡೆ ಬಗ್ಗಿದರು. "ಕಾಲು ಜೋಮು ಹಿಡಿದಿದ್ಯಾ? ಮೂತ್ರಕ್ಕೆ ಹೋಗೋದು ಸರಿಯಾಗಿದ್ಯಾ? ಕೆಮ್ಮಿದಾಗ ರಕ್ತ ಏನಾದ್ರೂ?"

ಇವೆಲ್ಲ ಆಗಬಹುದಿತ್ತು ಎಂದು ನನಗೆ ಗೊತ್ತಿರಲಿಲ್ಲ. ಅವಳು ಒಂದೊಂದಕ್ಕೂ ಉತ್ತರಿಸಿದಳು.

"ಕಾಲು, ಮೂತ್ರ ಎಲ್ಲ ಸರಿ ಇದೆ. ರಕ್ತ ಇಲ್ಲ. ಉಸಿರು ಎಳೆದ್ರೆ ಸೂಜಿ ಚುಚ್ಚುತ್ತೆ."

"ಎಕ್ಸ್‌ರೇಗೆ ಕರ್ಕೊಂಡು ಹೋಗಿ," ಅಂದರು ಮೇಡಂ ನನಗೆ. "ನಾಳೆಯಿಂದ ನೀವು ಕ್ಲಾಸಿಗೆ ಬರೋದು ಬೇಡ. ಈಗ ಅವಳನ್ನ ಎಬ್ಬಿಸಿ."

ಮುಟ್ಟಲು ನನಗೆ ಕೈ ಬರಲಿಲ್ಲ. ತಂಗಿ ತಲೆ ತಿರುಗಿಸಿ ನೋಡಿ, "ಅಕ್ಕ, ಕೈ ಕೊಡು. ಇಲ್ಲೇ ಇರ್ಲಾ ಏನು?" ಅಂದಳು. ಮುಂಗೈ ಚಾಚಿದೆ. ಅವಳೇ ಹಿಡಿದುಕೊಂಡು, ತಾನೇ ಎದ್ದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲು ಮುಚ್ಚಿತು. ಜಾಕೆಟ್ ನನ್ನ ತೊಡೆಯ ಮೇಲಿತ್ತು. ಒಳಗಿನಿಂದ ಗಂಡಸಿನ ದನಿ: "ಪೂರ್ತಿ ಉಸಿರು ಎಳೆದು ಹಿಡ್ಕೋ." ಸ್ವಲ್ಪ ಹೊತ್ತಿನ ಮೇಲೆ, "ಆಗ್ಲಿಲ್ಲ. ಇನ್ನೊಂದ್ಸಲ."

ಅಷ್ಟರಲ್ಲಿ, ನಾನು ಫೋನ್ ಮಾಡಿ ಬರಹೇಳಿದ್ದ ಅಮ್ಮ ಬಂದರು. ಕೆಲಸದ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು.

"ಏನಾಯ್ತೇ? ಬಿದ್ಲಾ?"

ಹೂಂ ಅಂದಿದ್ದರೆ ತಂಗಿಯೂ ಹೂಂ ಅನ್ನುತ್ತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲಮ್ಮ. ನಾನು ಒತ್ತಿದೆ."

ಒಳಗಿನ ದನಿ ಮೂರನೇ ಸಲ, "ಪೂರ್ತಿ ಎಳಿ," ಅಂದಿತು.