ಬಾಗಿಲ ಬದಿಯ ನಿತ್ಯಪುಷ್ಪ

"ಅದನ್ನ ಅಲ್ಲೇ ಇಡು ತಮ್ಮಾ. ಸುಡುಗಾಡಿನ ಹೂವ ವಿಮಾನಕ್ಕ ಕಟ್ತಾರೇನು?"

ಕಸ್ತೂರಿಬಾಯಿ ತಮ್ಮನಿಗೆ ಅಡ್ಡ ನಿಂತಳು. ಶಾಂತಲಿಂಗಪ್ಪನ ಬೊಗಸೆಯಲ್ಲಿ ಬಾಗಿಲ ಬದಿಯ ಗಿಡದಿಂದ ಆಗಷ್ಟೇ ಬಿಡಿಸಿದ ನಿತ್ಯಪುಷ್ಪಗಳಿದ್ದವು. ಪಡಸಾಲೆಯಲ್ಲಿ ಅವನ ಹೆಂಡತಿ ಗುರುಶಾಂತಮ್ಮನನ್ನು ಹಣೆತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ರಾತ್ರಿ ಮಲಗಿದವಳು ಬೆಳಗ್ಗೆ ಎದ್ದಿರಲಿಲ್ಲ. ಅಂಗಳದಲ್ಲಿ ಅವಳನ್ನು ಕೂರಿಸಿ ಹೊತ್ತೊಯ್ಯುವ ಬಿದಿರಿನ ವಿಮಾನಕ್ಕೆ ಚೆಂಡುಹೂ ಕಟ್ಟುತ್ತಿದ್ದರು.

"ಅಕಿನ್ನ ಉಳಿಸಿದ್ದು ಇದೇ ಹೂವ ಅಕ್ಕಾ."

"ಉಳಿಸಿದ್ದು ದವಾಖಾನಿ ಸೂಜಿ."

"ಆ ಸೂಜ್ಯಾಗಿನ ಔಷಧ ಎಲ್ಲಿಂದ ಬಂತು?"

*

ಎಪ್ಪತ್ತೆಂಟನೇ ಇಸವಿಯಲ್ಲಿ ಗುರುಶಾಂತಮ್ಮನ ಕೊರಳಲ್ಲಿ ಗಂಟುಗಳೆದ್ದವು. ಮುಂಬೈಯ ದವಾಖಾನೆಯಲ್ಲಿ ಕ್ಯಾನ್ಸರ್ ಎಂದರು. ಸೂಜಿ ಚುಚ್ಚುತ್ತ ಡಾಕ್ಟರಮ್ಮ, ಈ ಔಷಧವನ್ನು ನಿತ್ಯಪುಷ್ಪದ ಗಿಡದಿಂದ ತೆಗೆಯುತ್ತಾರೆ ಎಂದಳು.

ಶಾಂತಲಿಂಗಪ್ಪನಿಗೆ ಅಷ್ಟು ಸಾಕಾಯಿತು. ಊರು ನೆಲೋಗಿಗೆ ಬಂದವನೇ ಖಬರಸ್ತಾನದ ಗೋರಿಗಳ ಮೇಲೆ ಬೆಳೆದ ನಿತ್ಯಪುಷ್ಪದ ಎಲೆ ತಂದು ಕುದಿಸಿ ಕುಡಿಸಿದ. ಪಾಪ, ಅವಳು ವಾಂತಿ ಮಾಡಿ ಮಾಡಿ ಹಾಸಿಗೆ ಹಿಡಿದಳು. ಮುಂದಿನ ಸೂಜಿಗೆ ಹೋದಾಗ, ಹಸಿ ಎಲೆ ವಿಷ ಎಂದು ಡಾಕ್ಟರಮ್ಮ ಅವನನ್ನು ಚೆನ್ನಾಗಿ ಬೈದಳು. ಆಮೇಲೆ ಅವನು ಚಹಾ ಮಾಡಿಕೊಟ್ಟಾಗಲೆಲ್ಲ ಗುರುಶಾಂತಮ್ಮ ಲೋಟ ಮೂಸಿ ನೋಡಿ ಕೇಳುತ್ತಿದ್ದಳು: "ಚಾ ಪುಡಿನೇ ಹಾಕೀರಿಲ್ರಿ?"

ಗಂಟು ಕರಗಿ, ಉದುರಿದ ಕೂದಲು ಮತ್ತೆ ಬಂದ ಮೇಲೆ ಅವಳು ಖಬರಸ್ತಾನ ಕಾಯುವ ಹುಸೇನಪೀರನ ಹತ್ತಿರ ಹೋಗಿ ಒಂದು ಸಸಿ ಕೇಳಿದಳು.

"ಗೋರಿ ಮ್ಯಾಲಿಂದ್ರಿ ಯವ್ವಾ. ಮನಿ ಮುಂದ ಹಚ್ಚತಾರೇನ್ರಿ?"

"ಗೋರಿಗಿ ಹೊಂಟಾಕಿನ್ನ ಮನಿಗಿ ಹೊಳ್ಳಿಸಿ ಕಳಿಸ್ಯಾದ. ಅದಕ್ಕ ಮನ್ಯಾಗ ಜಾಗಾ ಕೊಡಬಾರದೇನಪಾ?"

ಆಮೇಲೆ ಗಂಡ ಸತ್ತು ತವರಿಗೆ ಬಂದ ಕಸ್ತೂರಿಬಾಯಿ ಮಾತ್ರ ಬಾಗಿಲ ಬದಿಗೆ ನೆಟ್ಟ ಆ ಗಿಡ ತಾಗದಂತೆ ಸೆರಗು ಎಳೆದುಕೊಂಡೇ ಓಡಾಡಿದಳು. ಹದಿಮೂರು ವರ್ಷ ಒಂದು ಹೂವನ್ನೂ ಮುಟ್ಟಲಿಲ್ಲ.

*

"ಅಕ್ಕಾ," ಶಾಂತಲಿಂಗಪ್ಪ ಬೊಗಸೆಯನ್ನು ಮುಂದೆ ಚಾಚಿದ. "ಅಕಿ ಆ ಜಡ್ಡಿನಾಗೇ ಹೋಗಿದ್ರ, ನೀ ಬಟ್ಟಿ ಗಂಟು ಹೊತ್ಕೊಂಡು ಬಂದ ದಿನ ಈ ಬಾಗಲಾ ತಗದು ಒಳಗ ಕರಿಯಾವ್ರು ಯಾರಿದ್ರು?"

ಕಸ್ತೂರಿಬಾಯಿ ಪಡಸಾಲೆಯ ಕಡೆ ತಿರುಗಿದಳು. ಅಂದು ಗುರುಶಾಂತಮ್ಮ ಏನೂ ಕೇಳಿರಲಿಲ್ಲ. ಗಂಟು ಇಳಿಸಿಕೊಂಡು ಬಿಸಿನೀರು ಕಾಯಿಸಿ ಕೊಟ್ಟಿದ್ದಳು. ಕಸ್ತೂರಿಬಾಯಿ ನಾದಿನಿಯ ಮುಖ ನೋಡಿದಳು. ತಮ್ಮನ ಬೊಗಸೆ ನೋಡಿದಳು.

"ಇಷ್ಟು ಎಲ್ಲಿ ಸಾಲ್ತಾವೋ?"

ಅಂಗಳದಲ್ಲಿ ನಿಂತಿದ್ದ ಹುಸೇನಪೀರ ಮುಂದೆ ಬಂದ. "ನಮ್ಮ ಕಡೆ ಮಸ್ತ್ ಅದಾವ್ರಿ ಬಾಯಾರ. ತರ್ಲೇನ್ರಿ?"

"ಬ್ಯಾಡಪಾ. ಅಕಿ ಹಚ್ಚಿದ್ದೇ ಇರ್ಲಿ."

ಕಸ್ತೂರಿಬಾಯಿ ಬಾಗಿಲು ದಾಟಿ ಗಿಡದ ಬುಡದಲ್ಲಿ ಕುಳಿತಳು. ಸೆರಗನ್ನು ಕೊಂಬೆಗಳ ಕೆಳಗೆ ಹರಡಿ, ಹೂ ಬಿಡಿಸತೊಡಗಿದಳು.