ಕಟ್ಟೆಯ ಮೇಲಿನ ಕೇಪಳ

ಕದ್ದು ತಂದ ಗಿಡ ಬೇಗ ಹತ್ತುತ್ತದೆ ಎನ್ನುವುದು ಜಯನಗರದ ಹೆಂಗಸರ ನಂಬಿಕೆ. ಕೇಳಿ ತಂದರೆ ಸೊರಗುತ್ತದಂತೆ, ಥ್ಯಾಂಕ್ಸ್ ಹೇಳಿದರಂತೂ ಮುಗಿದೇ ಹೋಯಿತು. ಈ ಶಾಸ್ತ್ರಕ್ಕೆ ಎಲ್ಲೂ ಭಂಗ ಬಾರದಂತೆ ಅಲಮೇಲು, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದಾಗ, ದಾರಿ ಬದಿಯ ಕಾಡಿನಿಂದ ಕಾಡುಕೇಪಳದ ಸಸಿಯೊಂದನ್ನು ಬೇರುಸಮೇತ ಕಿತ್ತು, ಪುಳಿಯೋಗರೆ ಖಾಲಿಯಾದ ಡಬ್ಬಿಯಲ್ಲಿ ಅಡಗಿಸಿ ತಂದಳು. ಜೊತೆಗೆ ಬಂದಿದ್ದ ಬೀದಿಯ ಹೆಂಗಸರೂ ತಂದರು. ಅವರವೆಲ್ಲ ದೀಪಾವಳಿಯೊಳಗೆ ಸತ್ತವು. ಇವಳದು ಉಳಿಯಿತು, ಆದರೆ ಬೆಳೆಯಲಿಲ್ಲ. ಎಲೆ ಹಳದಿ ಮಾಡಿಕೊಂಡು ಕುಂಡದಲ್ಲಿ ಮೊಣಕಾಲೆತ್ತರಕ್ಕೆ ಮುನಿಸಿಕೊಂಡು ನಿಂತುಬಿಟ್ಟಿತು.

ಕಾಡಿನಲ್ಲಿ ಅದರ ತಾಯಿಗಿಡ ಆಳೆತ್ತರ ಇದ್ದದ್ದನ್ನು ಅಲಮೇಲು ಕಣ್ಣಾರೆ ನೋಡಿದ್ದಳು. ಮೈತುಂಬ ಕೆಂಪು ಗೊಂಚಲು, ಮಬ್ಬು ನೆರಳಿನಲ್ಲೂ ಕಣ್ಣಿಗೆ ಹೊಡೆಯುವ ಕೆಂಪು. ಅಂಥದ್ದು ತನ್ನ ಮನೆ ಮುಂದೆಯೂ ಆಗಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತು ಒಂದು ಪೈಸೆ ಲೆಕ್ಕ ತಪ್ಪದೆ ಎದ್ದು ಬಂದವಳು ಅವಳು; ಸೋಲು ಅವಳಿಗೆ ಆಗಿಬರುವ ಪದಾರ್ಥವಲ್ಲ.

"ಕಾಡಿನ ಗಿಡ ಕಣೇ ಅದು. ನಿನ್ನ ನೋಡಿ ಹೆದರಿಕೊಂಡಿದೆ, ಬಿಟ್ಬಿಡು" ಎಂದು ಗಂಡ ಕಿಟ್ಟಿ ಪೇಪರಿನ ಹಿಂದಿನಿಂದ ಹೇಳಿದ.

ಅವಳು ಬಿಡಲಿಲ್ಲ. ಕಾಡಿನಲ್ಲಿ ಏನಿದೆ? ದೊಡ್ಡ ಮರದ ನೆರಳು, ಕೊಳೆತ ಎಲೆ, ಹುಳಿ ಮಣ್ಣು. ಈ ಮೂರೂ ಮನೆ ಬಾಗಿಲಲ್ಲೇ ಒದಗುವಂತೆ ಗೇಟಿನಾಚೆ ಫುಟ್‌ಪಾತಿನ ಮೇಲೆ ಒಂದು ಕತ್ತಿಕಾಯಿ ಮರವಿತ್ತು. ಮೇ ತಿಂಗಳಲ್ಲಿ ಬೆಂಕಿ ಹೊತ್ತಿಕೊಂಡಂತೆ ಹೂಬಿಡುವ, ಉದ್ದನೆಯ ಕಾಯಿ ಹಿಡಿದು ಮಕ್ಕಳು ಕತ್ತಿವರಸೆ ಆಡುವ ಆ ಹಳೆಯ ಮರ. ಅಲಮೇಲು ಗಾರೆಯವನನ್ನು ಕರೆಸಿ ಮರದ ಸುತ್ತ ಸೊಂಟದೆತ್ತರ ಇಟ್ಟಿಗೆ ಕಟ್ಟೆ ಕಟ್ಟಿಸಿದಳು. ಬುಡವೆಲ್ಲ ಮುಚ್ಚುವಂತೆ ಕೆಮ್ಮಣ್ಣು ತುಂಬಿಸಿ, ಮನೆ ಕಡೆಯ ಮಗ್ಗುಲಿಗೆ ಕೇಪಳ ನೆಟ್ಟಳು.

"ಮರದ ಬುಡಕ್ಕೆ ಇಷ್ಟೊಂದು ಮಣ್ಣು ಹಾಕಬಹುದೇನಮ್ಮಾ?" ಎಂದ ಗಾರೆಯವನು.

"ಅರಳಿಮರಕ್ಕೆ ಕಟ್ಟೆ ಕಟ್ಟಲ್ವಾ? ಹಂಗೇ ಇದೂನೂ" ಎಂದಳು.

ಅರಳಿ ಬೇರೆ, ಕತ್ತಿಕಾಯಿ ಬೇರೆ. ಅದು ಅವಳಿಗೆ ಗೊತ್ತಿರಲಿಲ್ಲ. ಆಗ ಗೊತ್ತಿರಲಿಲ್ಲ, ಅಷ್ಟನ್ನು ನಾವು ಅವಳ ಪಾಲಿಗೆ ಬಿಟ್ಟುಕೊಡಬೇಕು.

ಅಲ್ಲಿಂದ ಕೇಪಳದ ಉಪಚಾರ ಶುರುವಾಯಿತು. ಬೀದಿ ಗುಡಿಸುವವರು ಕೂಡಿಹಾಕಿದ ತರಗೆಲೆಯೆಲ್ಲ ಕಟ್ಟೆಗೆ ಬಂತು. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಬಂತು. ಹುಳಿ ಮಜ್ಜಿಗೆಯಂತೂ ಮನೆಯವರಿಗಿಂತ ಗಿಡಕ್ಕೇ ಹೆಚ್ಚು ಬಿತ್ತು. ಮಣ್ಣು ಎಂದೂ ಆರದ ಹಾಗೆ ನೀರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲೆ ಕಡುಹಸಿರಾಯಿತು, ಮೂರನೆಯದಕ್ಕೆ ಗಿಡ ಅಲಮೇಲುವಿನ ತಲೆ ಮೀರಿತು. ಬೀದಿಯ ಹೆಂಗಸರು ನಿಂತು ನೋಡಿ, ಹೊಟ್ಟೆಯುರಿಯನ್ನು "ಸೂಪರ್ ಆಂಟಿ" ಎಂಬ ಮಾತಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು.

ಅದೇ ಮರದ ನೆರಳಿನಲ್ಲಿ ರೇಣುಕವ್ವನ ಇಸ್ತ್ರಿ ಗಾಡಿ ಇತ್ತು. ಬಾದಾಮಿ ಕಡೆಯವಳು, ಗಂಡ ಭೀಮಪ್ಪನ ಜೊತೆ ಬಿಟಿಎಮ್‌ನಲ್ಲಿ ಬಾಡಿಗೆ ಮನೆ. ಅವಳು ತಿಕ್ಕುವುದು, ಅವನು ಮನೆಮನೆಗೆ ಮುಟ್ಟಿಸುವುದು. ಅಲಮೇಲು ಊರಿಗೆ ಹೋದರೆ ಗಿಡಕ್ಕೆ ನೀರು ಅವಳದೇ. ನೋಡುನೋಡುತ್ತ ಅದು ಅವಳ ಬಾಯಲ್ಲಿ "ನಮ್ಮ ಕೇಪಳ" ಆಗಿಬಿಟ್ಟಿತ್ತು.

"ಹೂವಾದ್ರ ಒಂದು ಗೊಂಚಲ ಕೊಡ್ರಿ ಅಕ್ಕಾರ, ಎಲ್ಲಮ್ಮಗ ಏರಸ್ತೀನಿ" ಎಂದು ಅವಳು ಕೇಳಿದಾಗಲೆಲ್ಲ ಅಲಮೇಲು, "ಮೊದ್ಲು ಬಿಡ್ಲಿ ತಾಳು" ಎನ್ನುತ್ತಿದ್ದಳು.

ಈ ಏಪ್ರಿಲ್‌ನಲ್ಲಿ ಮೊಗ್ಗು ಬಂತು, ಬೆಂಕಿಕಡ್ಡಿಯ ತಲೆಯಷ್ಟು ಸಣ್ಣವು, ಕೊಂಬೆಕೊಂಬೆಗೂ. ಆ ಸಂಭ್ರಮದಲ್ಲಿ ಒಂದು ಬೆಳಗ್ಗೆ ಅಲಮೇಲು ಹೊಸ ತರಗೆಲೆ ಹಾಸಲೆಂದು ಗಿಡದ ರೆಂಬೆ ಸರಿಸಿ ಒಳಕ್ಕೆ ಬಗ್ಗಿದಳು. ಮರದ ಬುಡದಲ್ಲಿ ಕಂದು ಅಣಬೆಗಳು ದೋಸೆ ಪೇರಿಸಿಟ್ಟಂತೆ ಒಂದರ ಮೇಲೊಂದು ಎದ್ದಿದ್ದವು. ಪಕ್ಕದ ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಕಾಫಿಯಲ್ಲಿ ನೆನೆದ ರಸ್ಕಿನೊಳಕ್ಕೆ ಹೋದಂತೆ ಬೆರಳು ಒಳಕ್ಕೆ ಹೋಯಿತು. ಹೊರಗೆ ತೆಗೆದಾಗ ಉಗುರಿನ ತುಂಬ ಕಪ್ಪು ಪುಡಿ, ಮುಗ್ಗಲು ವಾಸನೆ.

ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಮಣ್ಣು, ನೀರು, ಎಲೆ, ಮಜ್ಜಿಗೆ. ಗಿಡವನ್ನು ಎಬ್ಬಿಸಿದ್ದೇ ಮರವನ್ನು ಕೊಳೆಸಿತ್ತು.

ಹೇಳಬೇಕು ಎಂದುಕೊಂಡಳು. ಹೇಳಿದರೆ ಸಂಜೆಯೊಳಗೆ ಪಾಲಿಕೆಯವರು ಗರಗಸ ಹಿಡಿದು ಬರುತ್ತಾರೆ, ಕಟ್ಟೆ ಹತ್ತಿ ತುಳಿಯುತ್ತಾರೆ, ನೆರಳು ಹೋದಮೇಲೆ ಈ ಬಿಸಿಲಿಗೆ ಕೇಪಳ ಸೀದುಹೋಗುತ್ತದೆ. ಅದೂ ಮೊಗ್ಗು ಬಂದಿರುವಾಗ! ಇಷ್ಟು ವರ್ಷ ನಿಂತ ಮರ ಇನ್ನು ಕೆಲವು ದಿನ ನಿಲ್ಲುವುದಿಲ್ಲವೆ? ಹೂ ಬಿಟ್ಟ ಮೇಲೆ ಹೇಳಿದರಾಯಿತು. ಸರಿಸಿದ್ದ ರೆಂಬೆಯನ್ನು ಬಿಟ್ಟಳು. ಗಿಡ ಮೊದಲಿನಂತೆ ಹರಡಿಕೊಂಡು ಬುಡವನ್ನು ಮುಚ್ಚಿತು.

ಎದುರುಮನೆಯ ಶ್ರೀಕರ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಮರ ರಸ್ತೆ ಕಡೆ ವಾಲಿದೆ ಎಂದು ಅವನು ದೂರು ಕೊಟ್ಟ, ಪಾಲಿಕೆಯ ಮರ ನೋಡುವ ಆಫೀಸರ್ ಬಂದೇ ಬಂದರು. ಅಲಮೇಲು ಓಡಿಹೋಗಿ ಕಾಫಿ ತಂದಳು, ಕಾಡುಕೇಪಳದ ಕಥೆ ಹೇಳಿದಳು. ಅವರು ಗಿಡದ ಹಿಂದಕ್ಕೆ ಇಣುಕಲು ಹೋದಾಗ, "ಅಯ್ಯೋ, ಮೊಗ್ಗು ಉದುರುತ್ತೆ ಸಾರ್" ಎಂದು ಅಡ್ಡ ಬಂದಳು.

ಅವರು ನಕ್ಕು ಹಿಂದೆ ಸರಿದರು. ರಸ್ತೆ ಕಡೆಯಿಂದ ಎತ್ತರದಲ್ಲಿ ಮರವನ್ನು ಎರಡು ಸಲ ತಟ್ಟಿದರು. "ಬುಡದಲ್ಲಿ ಗಿಡ ಇಷ್ಟು ಸೊಂಪಾಗಿದೆ ಅಂದ್ರೆ ಮರಕ್ಕೇನು ಧಾಡಿ ಬಂದಿದೆ ಮೇಡಂ? ಮಳೆಗಾಲಕ್ಕೆ ಮುಂಚೆ ಇನ್ನೊಂದ್ಸಲ ಬರ್ತೀನಿ" ಎಂದು, ಕತ್ರಿಗುಪ್ಪೆಯಲ್ಲಿ ಕೊಂಬೆ ಬಿದ್ದಿದೆಯೆಂದು ಗಾಡಿ ಏರಿದರು.

"ಮರ ಉಳೀತ್ರಿ ಅಕ್ಕಾರ!" ರೇಣುಕವ್ವನ ಮುಖ ಊರಗಲ ಆಗಿತ್ತು. "ಇಲ್ಲಂದ್ರ ಈ ಬಿಸಲಾಗ ನಾವೆಲ್ಲಿ ನಿಲ್ಲೋದಿತ್ತು?"

ಆ ಮುಖ ನೋಡಿದ ಮೇಲೆ ಅಲಮೇಲುವಿಗೆ ಊಟ ಸೇರಲಿಲ್ಲ. ಮಾರನೆಯ ದಿನ ಗಾಡಿಯ ಹತ್ತಿರ ಹೋಗಿ, ಬೇರೆಲ್ಲೋ ನೋಡುತ್ತ, "ನಿನ್ನ ಕೆಂಡದ ಬಿಸಿ ಗಿಡಕ್ಕೆ ತಾಗ್ತಿದೆ ರೇಣುಕವ್ವ. ಗಾಡಿ ಆ ತಿರುವಿನ ಹತ್ರ ಹಾಕ್ಕೋ" ಎಂದಳು.

ರೇಣುಕವ್ವ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಇಷ್ಟು ವರ್ಷ ತಾಗಲಿಲ್ಲಲ್ರಿ?"

"ಈಗ ಮೊಗ್ಗಿದೆ."

ಗಂಡಹೆಂಡತಿ ಗಾಡಿ ತಳ್ಳಿಕೊಂಡು ತಿರುವಿಗೆ ಹೋದರು. ಅಲ್ಲಿ ನೆರಳಿಲ್ಲ, ಒಂದು ಹರಕು ಕೊಡೆ ಕಟ್ಟಿಕೊಂಡು ನಿಂತರು. ಅಲಮೇಲುವಿಗೆ ಪಾಪ ಎನಿಸಿದರೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಮರ ಬಿದ್ದರೆ ಬೀಳಲಿ, ಅದರ ಕೆಳಗೆ ಯಾರೂ ಇಲ್ಲ. ಅವಳ ಲೆಕ್ಕ ಎಂದಿನಂತೆ ಸರಿಯಾಗಿತ್ತು.

ಆದರೆ ರೇಣುಕವ್ವ ಮಾತು ಬಿಟ್ಟಿದ್ದು ಅವಳನ್ನು ತಿನ್ನತೊಡಗಿತು. ರಾಜಿ ಮಾಡಿಕೊಳ್ಳೋಣವೆಂದು ಒಂದು ದಿನ ಹೋದಳು. "ಕೋಪ ಮಾಡ್ಕೋಬೇಡ ಕಣೇ. ಮೊದಲನೇ ಗೊಂಚಲು ನಿಂಗೇ, ಆಯ್ತಾ? ಆಲಿಕಲ್ಲು ಗೀಲಿಕಲ್ಲು ಬಿದ್ರೆ ಮೊಗ್ಗಿನ ಮೇಲೆ ಒಂದು ಬಟ್ಟೆ ಹೊದಿಸಬೇಕು ಅಂತಿದ್ದೆ ನೋಡು. ನಿನ್ನ ಬಿಟ್ರೆ ಯಾರಿಗೆ ಅಷ್ಟು ಆಸ್ಥೆ ಇದೆ?"

ಇದು ಬರೀ ಬೆಣ್ಣೆ ಹಚ್ಚುವ ಮಾತು. ಹೇಳಿದವಳು ಮನೆ ಸೇರುವುದರೊಳಗೆ ಮರೆತಳು. ಕೇಳಿದವಳ ಮುಖ ಮಾತ್ರ ಅರಳಿತು. "ನಾ ಅದೀನ್ರಿ. ಚಿಂತಿ ಬಿಡ್ರಿ" ಎಂದಳು.

ಮೇ ತಿಂಗಳ ಒಂದು ಮಧ್ಯಾಹ್ನ ಬನಶಂಕರಿ ದಿಕ್ಕಿನಿಂದ ಮೋಡ ಕವಿದು ಬಂತು. ಹೊತ್ತಿಗೆ ಮುಂಚೆ ದೀಪ ಹಾಕಬೇಕಾಯಿತು, ಹಾಕಿದ ದೀಪವೂ ಹೋಯಿತು. ಮೊದಲು ಗಾಳಿ, ಆಮೇಲೆ ಕಾರುಗಳ ಮೇಲೆ ಟಪಟಪ ಆಲಿಕಲ್ಲು. ಅಲಮೇಲು ಮಹಡಿಯ ಕಿಟಕಿಗೆ ಓಡಿದಳು. ಮರ ತೂಗುತ್ತಿತ್ತು. ಕೊಂಬೆಗಳಷ್ಟೇ ಅಲ್ಲ, ಬುಡದಿಂದಲೇ.

ಬೀದಿ ಖಾಲಿ. ಸದ್ಯ, ಎಂದುಕೊಳ್ಳುವಷ್ಟರಲ್ಲಿ ತಿರುವಿನಿಂದ ರೇಣುಕವ್ವ ಓಡಿ ಬಂದಳು. ತಲೆಯ ಮೇಲೆ ಮಡಿಸಿದ ಬೆಡ್‌ಶೀಟು. ನೇರವಾಗಿ ಕಟ್ಟೆ ಹತ್ತಿ ಅದನ್ನು ಕೇಪಳದ ಮೇಲೆ ಹರಡತೊಡಗಿದಳು.

"ರೇಣುಕವ್ವಾ! ಬೇಡ! ಹೋಗೇ!" ಅಲಮೇಲು ಕಿಟಕಿಯ ಸರಳು ಹಿಡಿದು ಕಿರುಚಿದಳು. ಆಲಿಕಲ್ಲಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಸರಳುಗಳ ನಡುವೆ ಕೈ ತೂರಿಸಿ ಜೋರಾಗಿ ಬೀಸಿದಳು.

ರೇಣುಕವ್ವ ತಲೆಯೆತ್ತಿ ನೋಡಿದಳು. ಬೇಗ ಬೇಗ ಎನ್ನುತ್ತಿದ್ದಾರೆ ಎಂದುಕೊಂಡಳೋ ಏನೋ, ನಗುತ್ತ ಕೈ ಆಡಿಸಿದಳು. ಮಕ್ಕಳಿಗೆ ಕುಲಾವಿ ಕಟ್ಟುವಂತೆ ಶೀಟಿನ ತುದಿಗಳನ್ನು ಸಾವಧಾನವಾಗಿ ಕಟ್ಟಿದಳು, ಒಂದು ಗಂಟು ಬಿಗಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಕಟ್ಟೆಯಿಂದ ಧುಮುಕಿ ಗಾಡಿಯ ಕಡೆಗೆ ಓಡಿದಳು, ರಸ್ತೆಯ ನಡುವೆ.

ಮರ ಮುರಿದ ಸದ್ದೇ ಬರಲಿಲ್ಲ. ಕಾಲು ಸೋತ ಮುದುಕಿ ಕೂರುವಂತೆ ಅದು ರಸ್ತೆಯ ಮೇಲೆ ಕೂತಿತು.

ಮಾರನೆಯ ದಿನ ಬಿಸಿಲು ನಿಚ್ಚಳವಾಗಿತ್ತು. ಮರವಿಲ್ಲದ ಬಯಲಿನಲ್ಲಿ ಕೇಪಳ ಒಂದು ಎಲೆಯೂ ಮುಕ್ಕಾಗದೆ ನಿಂತಿತ್ತು. ಶೀಟು ಬಿಚ್ಚಿದಾಗ ಮೇಲಿನ ಗೊಂಚಲುಗಳು ಅರಳಿದ್ದವು, ಕಾಡಿನಲ್ಲಿ ಕಂಡಿದ್ದ ಅದೇ ಕೆಂಪು.

ಭೀಮಪ್ಪ ಗೇಟಿನ ಹೊರಗೆ ಬಂದು ನಿಂತ. ರೇಣುಕವ್ವನ ದೇಹವನ್ನು ಊರಿಗೆ ಒಯ್ಯಲು ಆಂಬುಲೆನ್ಸ್ ತಿರುವಿನಲ್ಲಿತ್ತು. "ಮೊದಲನೇ ಗೊಂಚಲ ಆಕೀಗೆ ಅಂದಿದ್ರಂತ್ರಿ ಅಕ್ಕಾರ" ಎಂದ. "ಕೊಡ್ತೀರೇನ್ರಿ?"

ಅಲಮೇಲು ಕತ್ತರಿ ತಂದಳು. ಕಟ್ಟೆ ಹತ್ತಿ ನಿಂತಾಗ ಮುರಿದ ಬುಡ ಕಾಲಿನ ಪಕ್ಕದಲ್ಲೇ ಇತ್ತು, ಒಳಗೆಲ್ಲ ಕಪ್ಪು ಪುಡಿ. ಅದರ ಅಂಚಿನಲ್ಲಿ ಅವಳ ಹೆಬ್ಬೆರಳಿನ ತೂತು ಹಾಗೇ ಇತ್ತು. ಮೊದಲ ಗೊಂಚಲು ಕತ್ತರಿಸಿದಳು. ಸಾಲದೆನಿಸಿತು. ಎರಡನೆಯದು, ಮೂರನೆಯದು, ಕೊನೆಗೆ ಅರಳಿದ್ದೆಲ್ಲ.

ಶ್ರೀಕರ್ ಬಂದು ಬುಟ್ಟಿ ಹಿಡಿದುಕೊಂಡ. "ನೀವು ಅಳಬೇಡಿ ಆಂಟಿ" ಎಂದ. "ಆಫೀಸರೇ ನೋಡಿ ಹೋದ್ರಲ್ಲ. ಮರ ಒಳಗೆ ಹಿಂಗಾಗಿದೆ ಅಂತ ಯಾರಿಗೆ ಗೊತ್ತಿತ್ತು?"

ಗೇಟಿನ ಹೊರಗೆ ಭೀಮಪ್ಪ ಕೈಯೊಡ್ಡಿ ಕಾಯುತ್ತಿದ್ದ.

"ಹೌದಪ್ಪಾ" ಎಂದಳು ಅಲಮೇಲು. "ಯಾರಿಗೆ ಗೊತ್ತಿತ್ತು."