ಹನ್ನೆರಡನೆಯ ಎಚ್ಚರಿಕೆ

"ಹನ್ನೊಂದಕ್ಕೆ ಹನ್ನೊಂದೂ ಸುಳ್ಳಾ?" ಅಪ್ಪ ಊಟದ ಡಬ್ಬಿಯ ಮುಚ್ಚಳ ತೆಗೆಯುವುದನ್ನೇ ಮರೆತರು.

ಮಗಳು ತಲೆಯಾಡಿಸಿದಳು. ಅಪ್ಪ ದುಡಿಯುವ ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಪರದೆ ನೋಡುವ ಕೆಲಸ ಅವಳದು. ಈ ತಿಂಗಳು ಪ್ರತಿ ಯಂತ್ರಕ್ಕೂ ಅದರ ನಡುಕ ಅಳೆಯುವ ಸೆನ್ಸರ್ ಅಂಟಿಸಿ, ಅದಕ್ಕೂ ಫಿಟರ್ ಅಪ್ಪನ ಕಿವಿಗೂ ಪಂದ್ಯ ಇಟ್ಟಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ ಒಳಗಿನ ಕಾಯಿಲೆ ಹೇಳುವ ಅಪ್ಪನಿಗೆ ಅಲ್ಲಿಯವರು ಇಟ್ಟ ಹೆಸರು ಸ್ಟೆತಸ್ಕೋಪು. ಕೆಡುತ್ತಿದೆ ಎಂದು ಅಪ್ಪ ಬರೆಸಿದ ಹನ್ನೊಂದು ಎಚ್ಚರಿಕೆಗಳಿಗೂ ಸೆನ್ಸರ್ ನೆಟ್ಟಗಿದೆ ಎಂದಿತ್ತು. ಸೋತರೆ ನಾಳೆಯಿಂದ ಅಪ್ಪ ಮನೆಯಲ್ಲಿ.

"ಸದ್ದು ಕೇಳಿಸಿದ ಮೇಲೆ ಏನು ಮಾಡ್ತೀರಪ್ಪಾ?"

"ಇನ್ನೇನು ಮಾಡ್ತಾರೆ? ಗನ್ನಲ್ಲಿ ಎರಡು ಸಲ ಗ್ರೀಸ್ ಒತ್ತಿ, ಆಮೇಲೆ ಬಂದು ಬರೆಸ್ತೀನಿ."

ಅವಳ ತುತ್ತು ಕೈಯಲ್ಲೇ ನಿಂತಿತು. ಸೆನ್ಸರಿಗೆ ತಿಳಿಯುವಷ್ಟು ಕೆಡುವ ಮೊದಲೇ ಅಪ್ಪ ಬೇರಿಂಗಿನ ಬಾಯಿ ಮುಚ್ಚಿಸುತ್ತಿದ್ದರು.

"ಗ್ರೀಸ್ ಹಾಕಿದ್ದು ಎಲ್ಲಾದ್ರೂ ಬರೆದಿದ್ದೀರಾ?"

"ಮೂಗು ಒರೆಸ್ಕೊಂಡಿದ್ದನ್ನೆಲ್ಲ ಬರೀತಾರೇನೇ?"

ಊಟ ಮುಗಿದ ಮೇಲೆ ಮ್ಯಾನೇಜರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. "ಮಗಳಾಗಿ ಹೇಳ್ತಿದ್ದೀಯಮ್ಮ, ತಪ್ಪಿಲ್ಲ. ಆದ್ರೆ ಬರಹದಲ್ಲಿ ಇಲ್ದಿದ್ದು ನಡೆದೇ ಇಲ್ಲ. ಐದಕ್ಕೆ ಪಂದ್ಯದ ಪಟ್ಟಿ ಕಳಿಸು."

ಮೂರೂವರೆಗೆ ಅಪ್ಪನ ಫೋನು. "ಮೂರನೇ ಫ್ಯಾನು. ಕರಕರ ಅಂತಿದೆ."

"ಗ್ರೀಸ್ ಮುಟ್ಟಬೇಡಿ. ಐದರವರೆಗೆ ಬಿಟ್ಟುಬಿಡಿ. ಸೆನ್ಸರೇ ಕೂಗಲಿ."

"ಸುಟ್ಟುಹೋಗುತ್ತಲ್ಲೇ."

"ಹೋಗಲಿ ಅಪ್ಪಾ. ಒಂದು ಹೋಗಲಿ."

ಪರದೆಯ ಮೇಲೆ ಗೆರೆ ಏರತೊಡಗಿತು. ಹಸಿರು ಹಳದಿಯಾಯಿತು. ಗಾಜಿನಾಚೆ ಅಪ್ಪ ಬೆನ್ನ ಹಿಂದೆ ಕೈಕಟ್ಟಿಕೊಂಡು ಫ್ಯಾನಿನ ಮುಂದೆ ನಿಂತಿದ್ದರು. ಬಾಗಿಲವರೆಗೆ ಹೋದರು, ತಿರುಗಿ ಬಂದರು.

"ಏನ್ ಸ್ಟೆತಸ್ಕೋಪಣ್ಣ, ಪೇಷೆಂಟು ಉಳೀತಾನಾ?" ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು ಕೂಗಿದ್ದು ಅವಳಿಗೂ ಕೇಳಿಸಿತು. ಅಪ್ಪ ಫ್ಯಾನಿನತ್ತ ಇನ್ನೊಂದು ಹೆಜ್ಜೆ ಇಟ್ಟರು.

ನಾಲ್ಕೂ ಮುಕ್ಕಾಲು. ಸೆನ್ಸರ್ ಕೂಗುವ ಕೆಂಪಿಗೆ ಇನ್ನು ಒಂದು ಉಗುರಿನಷ್ಟು. ಗೆರೆ ಒಮ್ಮೆ ನಡುಗಿತು. ಆಮೇಲೆ ಜಾರುತ್ತಾ ಜಾರುತ್ತಾ ಇಳಿದು, ಹಸಿರಿನಲ್ಲಿ ಮಲಗಿಬಿಟ್ಟಿತು.

ತಲೆಯೆತ್ತಿದಳು. ಅಪ್ಪ ಮಂಡಿಯೂರಿ, ಹೊರಗೆ ಉಕ್ಕಿದ ಗ್ರೀಸನ್ನು ಬೆರಳಿನಿಂದ ಸುತ್ತಲೂ ಒರೆಸಿ ತೆಗೆಯುತ್ತಿದ್ದರು. ಗಾಜಿನ ಕಡೆ ನೋಡಲಿಲ್ಲ.

ಅವಳು ಪಟ್ಟಿಯಲ್ಲಿ ಹನ್ನೆರಡು ಎಂದು ಬರೆದು, ಪಕ್ಕದ ಚೌಕದಲ್ಲಿ ಸುಳ್ಳು ಎಂದು ಒತ್ತಿದಳು. ಆಚೆ ಮೂರನೇ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.